ಅನುಮಾಪನ ಮೀಮಾಂಸೆ

ಪ್ರಮಾಣ ಎಂಬ ಶಬ್ದಕ್ಕೆ ಅಳತೆ ಎಂಬ ಅರ್ಥವೂ, ಸರಿಯಾದ ಜ್ಞಾನಕ್ಕೆ ಸಾಧನವಾದದ್ದು ಎಂಬ ಅರ್ಥವೂ, ದೇವರ ಮುಂದೆ ನಿಂತು ಮಾಡುವ ಆಣೆ ಎಂಬ ಅರ್ಥವೂ ಉಂಟು. ಈ ಮೂರೂ ಅರ್ಥಗಳು ಒಂದೇ ಸೂರಿನಡಿ, ಮಧ್ಯಾಹ್ನ ಎರಡರಿಂದ ಐದರೊಳಗೆ, ಪರಸ್ಪರ ಕೈ ಮಿಲಾಯಿಸುವ ಸ್ಥಳ ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯವೊಂದೇ ಎಂಬುದು ಈ ಪ್ರಬಂಧದ ಪ್ರತಿಜ್ಞೆ. ಸಾಧಿಸಬೇಕಾದ ಮಾತನ್ನು ಮೊದಲೇ ಹೇಳಿಡುವುದಕ್ಕೆ ನ್ಯಾಯಶಾಸ್ತ್ರದಲ್ಲಿ ಪ್ರತಿಜ್ಞೆ ಎನ್ನುತ್ತಾರೆ. ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರಕ್ಕೆ ಮೀಸಲಾದ 100 ಅಂಕಗಳಲ್ಲಿ 30 ಇಲ್ಲಿಯೇ ಇತ್ಯರ್ಥವಾಗುವುದರಿಂದಲೂ, ಮುಂದೆ ಬಿ.ಎಸ್ಸಿ.ಗೆ ಸೇರಿದವರಿಗೂ ಈ ವ್ಯಾಜ್ಯ ಬೆನ್ನು ಬಿಡದಿರುವುದರಿಂದಲೂ ವಿಷಯವನ್ನು ಹಗುರವೆಂದು ಎಣಿಸಲಾಗದು.

ಶಾಸ್ತ್ರಗ್ರಂಥ ತೊಡಗುವ ಮುನ್ನ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಬೇಕೆಂಬುದು ಹಿಂದಿನವರ ಕಟ್ಟಳೆ. ಇಲ್ಲಿ ಅಧಿಕಾರಿ, ಅಂದರೆ ಈ ಶಾಸ್ತ್ರವನ್ನು ಓದಲು ಅರ್ಹನಾದವನು, ಅಣ್ಣನದೋ ಅಕ್ಕನದೋ ಹಳೆಯ ಬಿಳಿ ಕೋಟು ತೊಟ್ಟು, ಅದರ ಜೇಬಿನ ಕೆಳಗೆ ಆಮ್ಲ ಬಿದ್ದು ಆದ ತೂತನ್ನು ರೆಕಾರ್ಡ್ ಪುಸ್ತಕದಿಂದ ಮರೆಮಾಡಿಕೊಂಡು ನಿಂತ ವಿದ್ಯಾರ್ಥಿ, ವಿಷಯವು ಬ್ಯೂರೆಟ್ಟಿನ ಕೊನೆಯ ಹನಿ, ಪ್ರಯೋಜನವು ಅಂಕ. ಇವುಗಳ ನಡುವಿನ ಸಂಬಂಧವೇನೆಂಬುದು ಮಾತ್ರ ವಿವಾದಾಸ್ಪದವಾಗಿದ್ದು, ಉಳಿದ ಪ್ರಬಂಧವೆಲ್ಲ ಅದರ ಕುರಿತೇ ಇದೆ.

ಸಾರತೆ ಗೊತ್ತಿರುವ ಒಂದು ದ್ರಾವಣವನ್ನೂ ಗೊತ್ತಿಲ್ಲದ ಇನ್ನೊಂದನ್ನೂ ಹನಿಹನಿಯಾಗಿ ಕೂಡಿಸುತ್ತಾ, ಎರಡೂ ಒಂದರಿಂದೊಂದು ತೀರಿಹೋಗುವ ಗಳಿಗೆಯನ್ನು ಬಣ್ಣದಿಂದ ಹಿಡಿದು, ಖರ್ಚಾದ ದ್ರವದ ಅಳತೆಯಿಂದ ಗೊತ್ತಿಲ್ಲದ್ದನ್ನು ಲೆಕ್ಕ ಹಾಕುವ ವಿಧಾನವೇ ಅನುಮಾಪನ. ಬಣ್ಣದಿಂದ ಗಳಿಗೆ ಹಿಡಿಯುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿ, ಬೇಕಾದ ಕೆಂಪು ಬಂದೊಡನೆ ಕೈ ನಿಲ್ಲಿಸಿ, ಆರತಿಯ ತಟ್ಟೆಯನ್ನು ಎತ್ತಿಕೊಂಡು ಬಾಗಿಲಿಗೆ ಹೋಗುವ ಅಜ್ಜಿಯಂದಿರು ಯಾವ ಉಪಕರಣವೂ ಇಲ್ಲದೆ ಇದನ್ನು ಮಾಡುತ್ತ ಬಂದಿದ್ದಾರೆ, ಮತ್ತು ಅವರ ಅಂಕವನ್ನು ಕಡಿತ ಮಾಡಿದವರು ಯಾರೂ ಇಲ್ಲ. ಉಪಕರಣದ ಹಂಗು ಬಂದದ್ದು ಫ್ರಾನ್ಸಿನಿಂದ. ಡೆಕ್ರೋಜೀಲ್ ಎಂಬಾತ 1791ರಲ್ಲಿ ಬ್ಯೂರೆಟ್ಟಿನ ಮೂಲರೂಪವನ್ನು ಮಾಡಿದನು. ಗೇ-ಲುಸಾಕ್ 1824ರಲ್ಲಿ ಬ್ಯೂರೆಟ್, ಪಿಪೆಟ್ ಎಂಬ ಹೆಸರುಗಳನ್ನು ಚಲಾವಣೆಗೆ ತಂದನು. ಜರ್ಮನಿಯ ಔಷಧಿಕಾರ ಮೋರ್ 1855ರಲ್ಲಿ ಇಡೀ ವಿದ್ಯೆಗೆ ಪಠ್ಯಪುಸ್ತಕ ಬರೆದು, ತನ್ನ ಹೆಸರಿನ ಒಂದು ಲವಣವನ್ನೂ ಮುಂದಿನ ಪೀಳಿಗೆಗಳ ಪರೀಕ್ಷೆಗೆಂದು ಬಿಟ್ಟುಹೋದನು. ಅನುಮಾಪನ ಎಂಬ ಪದದಿಂದ ಒಂದೇ ಒಂದು ಪಕಾರ ಉದುರಿದರೆ ಅನುಮಾನವಾಗುತ್ತದೆ ಎಂಬುದನ್ನು ವೈಯಾಕರಣರು ಇದುವರೆಗೆ ಗಮನಿಸಿದಂತಿಲ್ಲ. ಪ್ರಯೋಗಾಲಯದಲ್ಲಿ ಆ ಪಕಾರವು ಸಾಮಾನ್ಯವಾಗಿ ಮೂರೂವರೆ ಗಂಟೆಯ ಸುಮಾರಿಗೆ ಉದುರುತ್ತದೆ.

ಉದಾಹರಣೆಗೆ ಆಕ್ಸಾಲಿಕ್ ಆಮ್ಲ ಮತ್ತು ಪೊಟ್ಯಾಷಿಯಂ ಪರ್ಮಾಂಗನೇಟಿನ ಪ್ರಸಿದ್ಧ ಪ್ರಯೋಗವನ್ನೇ ತೆಗೆದುಕೊಳ್ಳಬಹುದು. ಪಿಪೆಟ್ಟಿನಿಂದ 20 ಮಿಲಿಲೀಟರ್ ಆಕ್ಸಾಲಿಕ್ ಆಮ್ಲವನ್ನು ಕೋನಿಕಲ್ ಫ್ಲಾಸ್ಕಿಗೆ ಬಿಟ್ಟು, ಸಾರರಿಕ್ತ ಗಂಧಕಾಮ್ಲ ಸೇರಿಸಿ, 60ರಿಂದ 70 ಡಿಗ್ರಿಯವರೆಗೆ, ಅಂದರೆ ಮುಟ್ಟಿದ ಬೆರಳು ತಟ್ಟನೆ ಹಿಂದಕ್ಕೆ ಬರುವಷ್ಟು ಕಾಯಿಸಿ, ಬ್ಯೂರೆಟ್ಟಿನಿಂದ ನೇರಳೆ ಬಣ್ಣದ ಪರ್ಮಾಂಗನೇಟನ್ನು ಹನಿಸಬೇಕು. ಮೊದಲ ಹನಿಯ ಬಣ್ಣ ಸುಲಭಕ್ಕೆ ಹೋಗದು. ಅವಸರದವನು ಪ್ರಯೋಗ ಮುಗಿಯಿತೆಂದು 0.1 ಎಂದು ಬರೆದುಕೊಂಡು ಪಕ್ಕದವರ ನಗೆಗೆ ಈಡಾಗುವುದು ಇಲ್ಲಿಯೇ. ಆ ಹನಿಯಿಂದಲೇ ಹುಟ್ಟಿದ ಮ್ಯಾಂಗನೀಸ್ ಅಯಾನುಗಳು ಮುಂದಿನ ಹನಿಗಳ ಕ್ರಿಯೆಗೆ ವೇಗ ಕೊಡುತ್ತವೆ, ಇದಕ್ಕೆ ಸ್ವಯಂವೇಗವರ್ಧನೆ ಎಂದು ಹೆಸರು. ಆಮೇಲೆ ಹನಿ ಬಿದ್ದದ್ದೇ ತಡ ಬಣ್ಣ ಮಾಯವಾಗುತ್ತ ಹೋಗಿ, ವಿದ್ಯಾರ್ಥಿಗೆ ಕೈ ಸಡಿಲ ಬಿಡುವ ಧೈರ್ಯ ಬರುತ್ತದೆ. ಅಂತಿಮ ಬಿಂದು ಅರ್ಧ ನಿಮಿಷವಾದರೂ ನಿಲ್ಲುವ ತಿಳಿ ಗುಲಾಬಿ ಎಂದು ಗ್ರಂಥಗಳು ಹೇಳುತ್ತವೆ. ತಿಳಿ ಗುಲಾಬಿಗಾಗಿ ಕಣ್ಣು ಕೀಲಿಸಿಕೊಂಡು, ಸ್ಟಾಪ್‌ಕಾಕನ್ನು ಎಡಗೈಯಲ್ಲಿ ಹಿಡಿದು, ಬಲಗೈಯಲ್ಲಿ ಫ್ಲಾಸ್ಕನ್ನು ತಿರುಗಿಸುತ್ತಿರುವಾಗ, ಹಿಂದಿನ ಮೇಜಿನವರು ಯಾರದೋ ಹೆಸರು ಕೂಗಿದ ಒಂದು ಕ್ಷಣದಲ್ಲಿ, ಫ್ಲಾಸ್ಕಿನೊಳಗೆ ಬೀಟ್ರೂಟ್ ಬೇಯಿಸಿದ ನೀರು ಸಿದ್ಧವಾಗಿರುತ್ತದೆ.

ಈ ದುರಂತದ ಗಣಿತ ಸರಳ. ಎರಡೂ ದ್ರಾವಣಗಳು 0.1 ನಾರ್ಮಲ್ ಆಗಿದ್ದರೆ 20 ಮಿಲಿಲೀಟರಿಗೆ 20 ಮಿಲಿಲೀಟರೇ ಸಾಕು. ಕೈ ತಪ್ಪಿ 20.5 ಆದರೆ ಶೇಕಡಾ ಎರಡೂವರೆ ದೋಷ. ಬ್ಯೂರೆಟ್ಟಿನ ಅತಿ ಚಿಕ್ಕ ಗೆರೆ 0.1 ಮಿಲಿಲೀಟರ್, ಒಂದು ಹನಿ ಸುಮಾರು 0.05, ಆದ್ದರಿಂದ ಹತ್ತು ಹನಿಗಳ ಅಜಾಗರೂಕತೆಯು ಎರಡು ವರ್ಷಗಳ ಜಾಗರೂಕತೆಯನ್ನು ನುಂಗಬಲ್ಲದು. ಆದರೆ 20 ಎಂಬುದು ಸರಿ ಎಂದು ತೀರ್ಮಾನಿಸಿದವರು ಯಾರು? ಅಧ್ಯಾಪಕರು ಬೆಳಿಗ್ಗೆಯೇ ತಾವೊಮ್ಮೆ ಮಾಡಿ ನೋಡಿ ಡೈರಿಯ ಹಿಂಬದಿಯ ಪುಟದಲ್ಲಿ ಬರೆದಿಟ್ಟ ಸಂಖ್ಯೆಯನ್ನು ಈ ಪ್ರಬಂಧದಲ್ಲಿ ಗುರುಮಾನ ಎಂದು ಕರೆಯಲಾಗಿದೆ. ಅಂಕಗಳು ಫ್ಲಾಸ್ಕಿನೊಳಗೆ ನಡೆದದ್ದಕ್ಕೆ ದೊರೆಯುವುದಿಲ್ಲ, ಗುರುಮಾನಕ್ಕೆ ಇರುವ ದೂರಕ್ಕೆ ದೊರೆಯುತ್ತವೆ ಎಂಬುದನ್ನು ಅರಿತ ಮೇಲೆ ವಿದ್ಯಾರ್ಥಿಯ ಜಿಜ್ಞಾಸೆಯು ಪದಾರ್ಥವನ್ನು ಬಿಟ್ಟು ಅಧ್ಯಾಪಕರ ಮುಖದ ಕಡೆಗೆ ತಿರುಗುವುದು ಸಹಜ. ಮೊದಲು ಮುಗಿಸಿದವನು ಪುಸ್ತಕ ಹಿಡಿದು ಹೋದಾಗ ಗುರುಗಳ ಹುಬ್ಬು ಮೇಲಕ್ಕೆ ಹೋಯಿತೋ ನೆಟ್ಟಗೆ ನಿಂತಿತೋ ಎಂಬುದನ್ನು ಹದಿನೆಂಟು ಜನ ಹದಿನೆಂಟು ಮೇಜುಗಳಿಂದ ಅಳೆಯುತ್ತಾರೆ. ಇದು ಬ್ಯೂರೆಟ್ಟಿಗಿಂತ ಸೂಕ್ಷ್ಮವಾದ ಉಪಕರಣ.

ಇಲ್ಲಿಂದ ಮುಂದಕ್ಕೆ ವಿಷಯವು ರಸಾಯನಶಾಸ್ತ್ರವನ್ನು ದಾಟಿ ಗ್ರಂಥಸಂಪಾದನಾ ಶಾಸ್ತ್ರದ ಸರಹದ್ದಿಗೆ ಬರುತ್ತದೆ. ಓಲೆಗರಿಯ ಪ್ರತಿಗಳನ್ನು ಹೋಲಿಸಿ ನೋಡುವ ಸಂಪಾದಕರು ಬೇರೆ ಬೇರೆ ಪ್ರತಿಗಳಲ್ಲಿ ಕಾಣುವ ಭೇದಗಳಿಗೆ ಪಾಠಾಂತರ ಎನ್ನುತ್ತಾರೆ. ಪ್ರಯೋಗಾಲಯದಲ್ಲಿ ಇದಕ್ಕೆ ರೀಡಿಂಗ್ ಎಂದು ಹೆಸರು. ಪ್ರಾಮಾಣಿಕ ವಿದ್ಯಾರ್ಥಿನಿಯೊಬ್ಬಳ ಅಬ್ಸರ್ವೇಶನ್ ಪುಸ್ತಕದಲ್ಲಿ 20.4, 19.7, 20.1 ಎಂಬ ಮೂರು ಪಾಠಗಳು ಸಿಕ್ಕರೆ, ಅದೇ ಪ್ರಯೋಗದ ರೆಕಾರ್ಡಿನಲ್ಲಿ 20.1, 20.1, 20.1 ಎಂಬ ಏಕಪಾಠ ಸಿಗುತ್ತದೆ. ಅಬ್ಸರ್ವೇಶನ್ ಪುಸ್ತಕವು ಹುಳು ತಿಂದ, ನೀರು ಬಿದ್ದ, ಪೆನ್ಸಿಲ್ಲಿನಲ್ಲಿ ಬರೆದು ಹೊಡೆದುಹಾಕಿದ ಮೂಲಪ್ರತಿ. ರೆಕಾರ್ಡು, ಸ್ಕೇಲಿಟ್ಟು ಗೆರೆ ಎಳೆದು ಚಿತ್ರ ಬಿಡಿಸಿ ರಟ್ಟು ಹಾಕಿಸಿದ ಶುದ್ಧಪ್ರತಿ. ಕ್ಲಿಷ್ಟ ಪಾಠವೇ ಮೂಲಕ್ಕೆ ಹತ್ತಿರವಿರುವ ಸಂಭವ ಹೆಚ್ಚೆಂದು ಸಂಪಾದಕರು ಹೇಳಿದರೆ, ಇಲ್ಲಿ ಅತ್ಯಂತ ಸುಗಮ ಪಾಠಕ್ಕೆ ಅತ್ಯಂತ ಹೆಚ್ಚು ಅಂಕ. ಮೂಲದಲ್ಲಿಲ್ಲದ್ದನ್ನು ನಂತರದವರು ಸೇರಿಸಿದರೆ ಅದಕ್ಕೆ ಪ್ರಕ್ಷೇಪ ಎನ್ನುವುದೂ, ದ್ರಾವಣದಲ್ಲಿ ಕರಗದೆ ತಳಕ್ಕೆ ಇಳಿಯುವ ಗಷ್ಟಿಗೂ ಕನ್ನಡ ಪಠ್ಯಪುಸ್ತಕಗಳು ಪ್ರಕ್ಷೇಪ ಎನ್ನುವುದೂ ಕಾಕತಾಳೀಯವಿರಲಾರದು.

ಇದಕ್ಕೆ ಪೂರ್ವಪಕ್ಷ ಹೀಗೆ: ಗುರುಮಾನವನ್ನು ಮಿತ್ರರಿಂದ ತಿಳಿದುಕೊಂಡವನಿಗೆ ಪ್ರಯೋಗದ ಅಗತ್ಯವೇ ಇಲ್ಲವಲ್ಲ? ಸಮಾಧಾನ: ಜಾಣ ಅಧ್ಯಾಪಕರು ಬೆಳಗಿನ ಬ್ಯಾಚಿಗೆ ಒಂದು, ಮಧ್ಯಾಹ್ನದ ಬ್ಯಾಚಿಗೆ ಇನ್ನೊಂದು ಸಾರತೆಯ ಸೀಸೆಯನ್ನು ಇಡುತ್ತಾರೆ, ಬೆಳಗಿನ ಗೆಳೆಯನ 18.4 ಅನ್ನು ಊಟದ ಡಬ್ಬಿಯ ಮುಚ್ಚಳದೊಳಗೆ ಬರೆದುಕೊಂಡು ಬಂದವನು ತನ್ನ ಬ್ಯೂರೆಟ್ಟು 22ರಲ್ಲಿ ನಿಂತದ್ದನ್ನು ಕಂಡು, ಕಣ್ಣೋ ಗೆಳೆತನವೋ ಎಂಬ ಧರ್ಮಸಂಕಟಕ್ಕೆ ಬೀಳುತ್ತಾನೆ. ಗೆಳೆತನವನ್ನು ನಂಬಿದವನಿಗೆ ಬಂದ ಅಂಕವನ್ನು ಇಲ್ಲಿ ಹೇಳುವುದು ಉಚಿತವಲ್ಲ. ಇದಕ್ಕಿಂತ ಗಹನವಾದ ಪೂರ್ವಪಕ್ಷವೊಂದಿದೆ. ಪರ್ಮಾಂಗನೇಟ್ ದ್ರಾವಣವು ಬೆಳಕಿನಲ್ಲೂ, ಸೀಸೆಯೊಳಗಿನ ಕೊಳೆಯ ಸಂಪರ್ಕದಲ್ಲೂ ನಿಧಾನವಾಗಿ ಒಡೆದು, ಕಂದು ಬಣ್ಣದ ಮ್ಯಾಂಗನೀಸ್ ಡೈಆಕ್ಸೈಡನ್ನು ತಳಕ್ಕಿಳಿಸುತ್ತಾ ಸಾರ ಕಳೆದುಕೊಳ್ಳುತ್ತದೆ. ಅದಕ್ಕಾಗಿಯೇ ಅದನ್ನು ಕಂದು ಸೀಸೆಯಲ್ಲಿಡುವುದು. ಸೋಮವಾರ 20 ಕೇಳುತ್ತಿದ್ದ ಫ್ಲಾಸ್ಕು ಎರಡು ವಾರ ಕಳೆದ ಮೇಲೆ ಅದೇ ಸೀಸೆಯ ದ್ರಾವಣವನ್ನು ಅದಕ್ಕಿಂತ ಹೆಚ್ಚೇ ಕೇಳಬಹುದು. ಆಗ ಕೈ ನಡುಗದೆ, ಕಣ್ಣು ತಪ್ಪದೆ, ನಿಜವಾದ ಅಂತಿಮ ಬಿಂದುವನ್ನು ಹಿಡಿದ ವಿದ್ಯಾರ್ಥಿಯು ಗುರುಮಾನದಿಂದ ದೂರವಾಗಿ ಅಂಕ ಕಳೆದುಕೊಂಡರೆ, ಏನೂ ಹನಿಸದೆ ಹಳೆಯ ಸಂಖ್ಯೆಯನ್ನು ಬರೆದವನು ಪೂರ್ಣಾಂಕ ಪಡೆಯುತ್ತಾನೆ. ಈ ಶಾಸ್ತ್ರದಲ್ಲಿ ಸತ್ಯಕ್ಕೆ ತಯಾರಾದ ದಿನಾಂಕವಿದೆ, ಬಾಧಿತವಾಗುವ ದಿನಾಂಕವಿಲ್ಲ.

ಲವಣ ವಿಶ್ಲೇಷಣೆಯಲ್ಲಿ ಈ ತತ್ತ್ವಗಳು ಇನ್ನೂ ವಿಸ್ತಾರವಾಗಿ ಅರಳುತ್ತವೆ. ಚಿಟಿಕೆಯಷ್ಟು ಪುಡಿಯನ್ನು ಕೊಟ್ಟು ಅದರೊಳಗಿನ ಧನ ಅಯಾನು ಯಾವುದು, ಋಣ ಅಯಾನು ಯಾವುದು ಎಂದು ಕಂಡುಹಿಡಿಯಿರಿ ಎನ್ನುವ ಈ ಪರೀಕ್ಷೆಯ ಕ್ರಮವನ್ನು 1841ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಫ್ರೆಸೇನಿಯಸ್ ಆಗ ತಾನೂ ವಿದ್ಯಾರ್ಥಿಯೇ ಆಗಿದ್ದನು ಎಂಬುದನ್ನು ಇಂದಿನ ವಿದ್ಯಾರ್ಥಿಗಳಿಗೆ ಹೇಳದಿರುವುದೇ ಲೇಸು. ಮೀಮಾಂಸಕರಲ್ಲಿ ಭಾಟ್ಟ ಪಂಥದವರು ಜ್ಞಾನಕ್ಕೆ ಆರು ಪ್ರಮಾಣಗಳನ್ನು ಒಪ್ಪುತ್ತಾರೆ. ಆರೂ ಇಲ್ಲಿ ಒಂದೇ ಮೇಜಿನ ಮೇಲೆ ಪ್ರಯೋಗವಾಗುತ್ತವೆ.

ಪ್ರತ್ಯಕ್ಷ, ಅಂದರೆ ಕಣ್ಣಾರೆ ಕಾಣುವುದು, ಇವುಗಳಲ್ಲಿ ಅತ್ಯಂತ ದುರ್ಬಲ. ಜ್ವಾಲೆಯ ಪರೀಕ್ಷೆಯಲ್ಲಿ ಬೇರಿಯಂ ಲವಣವು ಸೇಬಿನ ಹಸಿರು ಕೊಡುತ್ತದೆಂದು ಪುಸ್ತಕ ಹೇಳುತ್ತದೆ, ಆದರೆ ಕೆಂಪು ಸೇಬನ್ನೇ ಕಂಡು ಬೆಳೆದ ಮಲೆನಾಡಿನ ಹುಡುಗಿಗೆ ಎಳೆ ಬಾಳೆಲೆ ಎಂದಿದ್ದರೆ ಒಂದೇ ಸಲಕ್ಕೆ ಹೊಳೆಯುತ್ತಿತ್ತು. ಕ್ಯಾಲ್ಸಿಯಂನ ಇಟ್ಟಿಗೆ ಕೆಂಪಿಗೂ ಸ್ಟ್ರಾನ್ಷಿಯಂನ ಕಡು ಕೆಂಪಿಗೂ ವ್ಯತ್ಯಾಸ ಹುಡುಕುತ್ತಿರುವಾಗ, ಹಿಡಿದ ಗಾಜಿನ ಕಡ್ಡಿಯೇ ತನ್ನೊಳಗಿನ ಸೋಡಿಯಂನಿಂದ ಹಳದಿ ಉರಿ ಎಬ್ಬಿಸಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಅನುಮಾನಕ್ಕೆ ಒದಗಿದ ಗತಿ ಇನ್ನೂ ಶೋಚನೀಯ. ಹೊಗೆಯಿದ್ದಲ್ಲಿ ಬೆಂಕಿ ಎಂಬುದು ನೈಯಾಯಿಕರ ಪ್ರಾಚೀನ ಉದಾಹರಣೆ. ಅಮೋನಿಯಂ ಲವಣಕ್ಕೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಬೆಚ್ಚಗೆ ಮಾಡಿ, ಸಾಂದ್ರ ಹೈಡ್ರೊಕ್ಲೋರಿಕ್ ಆಮ್ಲದಲ್ಲಿ ಅದ್ದಿದ ಕಡ್ಡಿಯನ್ನು ಟೆಸ್ಟ್‌ಟ್ಯೂಬಿನ ಬಾಯಿಗೆ ಹಿಡಿದರೆ, ಬರ್ನರನ್ನು ಆರಿಸಿದ ಮೇಲೂ, ಅಮೋನಿಯಂ ಕ್ಲೋರೈಡಿನ ದಟ್ಟ ಬಿಳಿ ಹೊಗೆ ಏಳುತ್ತದೆ. ಎರಡು ಸಾವಿರ ವರ್ಷಗಳ ತರ್ಕವನ್ನು ಹದಿನೇಳರ ಹುಡುಗನೊಬ್ಬ ಮೂಗು ಮುಚ್ಚಿಕೊಂಡು ಖಂಡಿಸಿ, ಒಂದು ಅಂಕ ಪಡೆದು, ಏನಾಯಿತೆಂದು ತಿಳಿಯದೆ ಮುಂದೆ ಹೋಗುತ್ತಾನೆ.

ಉಪಮಾನವೆಂದರೆ ಸಾದೃಶ್ಯದಿಂದ ಅರಿಯುವುದು. ಪಕ್ಕದವನ ಟೆಸ್ಟ್‌ಟ್ಯೂಬಿನಲ್ಲಿ ಮೊಸರಿನಂಥ ಬಿಳಿ ಪ್ರಕ್ಷೇಪ ಬಂದದ್ದನ್ನು ನೋಡಿ ತನ್ನದನ್ನೂ ಕ್ಲೋರೈಡ್ ಎಂದು ಬರೆಯುವುದು ಇದಕ್ಕೆ ನಿದರ್ಶನ. ಅನುಪಲಬ್ಧಿ, ಅಂದರೆ ಕಾಣದಿರುವುದರಿಂದ ಅರಿಯುವುದು: ಒಂದರಿಂದ ಐದರವರೆಗಿನ ಗುಂಪುಗಳೆಲ್ಲ ಕೈಕೊಟ್ಟ ಮೇಲೆ ಮೆಗ್ನೀಷಿಯಂ ಎಂದು ಬರೆಯುವ ಪದ್ಧತಿ. ಅರ್ಥಾಪತ್ತಿಯನ್ನು ವಿವರಿಸಲು ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಲೇಬೇಕು ಎಂಬ ದೃಷ್ಟಾಂತವನ್ನು ಕೊಡುತ್ತಾರೆ. ಟೆಸ್ಟ್‌ಟ್ಯೂಬುಗಳು ಒಣಗಿದ್ದು ಅಂಕ ಮಾತ್ರ ಪುಷ್ಟವಾಗಿದ್ದರೆ ಏನೆಂದು ತಿಳಿಯಬೇಕೆಂಬುದು ಓದುಗರಿಗೆ ಬಿಟ್ಟದ್ದು.

ಇವೆಲ್ಲಕ್ಕೂ ಮಿಗಿಲಾದುದು ಶಬ್ದಪ್ರಮಾಣ. ಆಪ್ತನ ಮಾತೇ ಶಬ್ದಪ್ರಮಾಣವೆಂದೂ, ವಸ್ತುವನ್ನು ಇದ್ದಂತೆ ಬಲ್ಲವನೂ ಅದನ್ನು ಹೇಳಬಯಸುವವನೂ ಆಪ್ತನೆಂದೂ ಲಕ್ಷಣ. ಈ ಲಕ್ಷಣವು ಪ್ರಯೋಗಾಲಯದ ಅಟೆಂಡರಿಗೆ ಸರ್ವಥಾ ಸಲ್ಲುತ್ತದೆ, ಏಕೆಂದರೆ ಬೆಳಿಗ್ಗೆ ಪುಡಿಗಳನ್ನು ಕಾಗದದ ಪೊಟ್ಟಣಗಳಿಗೆ ಹಾಕಿ ಸಂಖ್ಯೆ ಬರೆದವರು ಅವರೇ. ಆಪ್ತರು ಲವಣದ ಹೆಸರನ್ನು ಎಂದೂ ಹೇಳುವುದಿಲ್ಲ. ಪರೀಕ್ಷೆಯ ದಿನ ನೀರು ತುಂಬಿದ ಬೀಕರು ಹಿಡಿದು ಹಾದುಹೋಗುವಾಗ, ನಿಕ್ಕಲ್ಲೋ ಕೋಬಾಲ್ಟೋ ಎಂದು ತಳಮಳಿಸುತ್ತಿರುವವನ ಕಿವಿಯ ಬಳಿ, ‘ಬಣ್ಣಾನೇ ಇಲ್ಲದ್ದಕ್ಕೆ ಅಲ್ಲಿ ಯಾಕಪ್ಪಾ ಹುಡುಕ್ತೀಯ, ಮರಿ’ ಎಂದಷ್ಟೇ ಗೊಣಗುತ್ತಾರೆ. ‘ಆಯ್ತಣ್ಣ’ ಎಂದು ಆತ ತಕ್ಷಣ ಸತುವಿನ ಕಡೆಗೆ ಹೊರಳುತ್ತಾನೆ. ಈ ಸೂತ್ರಪ್ರಾಯ ವಾಕ್ಯಗಳಿಗೆ ಭಾಷ್ಯ ಬರೆಯುವ ಸಾಮರ್ಥ್ಯವಿರುವ ಬ್ಯಾಚುಗಳು ಪ್ರತಿವರ್ಷವೂ ಒಳ್ಳೆಯ ಫಲಿತಾಂಶ ಪಡೆಯುವುದನ್ನು ಗಮನಿಸಬಹುದು.

ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ ಆರನೆಯ ಪ್ರಮಾಣದ ಅಭಿಮಾನಿಗಳಿಗೆ ಸೋಲು ಖಚಿತ, ಏಕೆಂದರೆ ಹೊರಗಿನಿಂದ ಬಂದ ಪರೀಕ್ಷಕರು ಶಬ್ದವನ್ನು ಒಪ್ಪದೆ ಹೇತುವನ್ನು ಕೇಳುತ್ತಾರೆ. ಗಂಧಕಾಮ್ಲವೇ ಏಕೆ, ಹೈಡ್ರೊಕ್ಲೋರಿಕ್ ಆಮ್ಲ ಏಕಾಗದು? ಪರ್ಮಾಂಗನೇಟು ಆ ಆಮ್ಲದ ಕ್ಲೋರೈಡನ್ನೂ ಕ್ಲೋರಿನ್ ಮಾಡಿ, ಲೆಕ್ಕಕ್ಕೆ ಸಿಗದೆ ಖರ್ಚಾಗುತ್ತದೆ ಎಂಬುದು ಸರಿಯುತ್ತರ. ಮೋರ್ ಲವಣವನ್ನು ಏಕೆ ಕಾಯಿಸುವುದಿಲ್ಲ ಎಂದರೆ ಅದರೊಳಗಿನ ಕಬ್ಬಿಣವು ಗಾಳಿಯೊಡನೆಯೇ ಆಕ್ಸೀಕರಣಗೊಂಡುಬಿಡುತ್ತದೆ ಎಂಬುದು. ‘ಮ್ಯಾನ್ಯುಅಲ್‌ನಲ್ಲಿ ಹಾಗೇ ಇದೆ ಸರ್’ ಎಂದ ವಿದ್ಯಾರ್ಥಿಗೆ ಪರೀಕ್ಷಕರು ಒಂದು ಕ್ಷಣ ಮೌನವಾಗಿದ್ದು, ತಮ್ಮ ವಿದ್ಯಾರ್ಥಿದೆಸೆಯನ್ನು ನೆನೆಸಿಕೊಂಡವರಂತೆ ಅರ್ಧ ಅಂಕ ಕೊಡುವುದೂ ಉಂಟು.

ರೆಕಾರ್ಡಿನ ಮೊದಲ ಪುಟದಲ್ಲಿ ಪ್ರಮಾಣಪತ್ರವಿರುತ್ತದೆ. ಇಂಥವರು ಇಂತಿಷ್ಟು ಪ್ರಯೋಗಗಳನ್ನು ಈ ಪ್ರಯೋಗಾಲಯದಲ್ಲಿ ತೃಪ್ತಿಕರವಾಗಿ ನಡೆಸಿದ್ದಾರೆಂದು ಪ್ರಮಾಣೀಕರಿಸುವ ಈ ಹಾಳೆಗೆ ಅಧ್ಯಾಪಕರೂ ಮುಖ್ಯಸ್ಥರೂ ಸಹಿ ಹಾಕುತ್ತಾರೆ; ಪ್ರಮಾಣ ಎಂಬ ಪದದ ಮೂರನೆಯ ಅರ್ಥವಾದ ಆಣೆ ಬಳಕೆಗೆ ಬರುವುದು ಇಲ್ಲಿ. ಹಲವು ರೆಕಾರ್ಡುಗಳಲ್ಲಿ ಈ ಹಾಳೆಯ ಕೆಳಗಿನ ಮೂಲೆಗೆ, ಪರ್ಮಾಂಗನೇಟ್ ತಾಗಿ ಒಣಗಿದ ಹೆಬ್ಬೆರಳಿನ ಕಂದು ಗುರುತೊಂದು ಅಂಟಿರುವುದು ಕಂಡುಬರುತ್ತದೆ. ಬೆರಳಿನ ಆ ಕಲೆಗೆ ಸಾಬೂನು ಹತ್ತುವುದಿಲ್ಲ, ಚರ್ಮ ಉದುರಿ ತಾನಾಗಿ ಹೋಗುವವರೆಗೆ ಕೆಲವು ದಿನ ಉಳಿಯುತ್ತದೆ. ಆಕ್ಸಾಲಿಕ್ ಆಮ್ಲದ ನಾಲ್ಕು ಹನಿ ಸಾಕು, ಕ್ಷಣದಲ್ಲಿ ಮಾಯ, ಅದೂ ಯಾವ ಗುರುಮಾನದ ಅಪ್ಪಣೆಗೂ ಕಾಯದೆ. ಆದರೆ ವೈವಾ ಮುಗಿಸಿ ಹೊರಬಂದ ವಿದ್ಯಾರ್ಥಿಗೆ ಇದು ನೆನಪಾಗಿ ವಾಪಸು ಹೋಗಿ ನೋಡುವಷ್ಟರಲ್ಲಿ ಅಟೆಂಡರ್ ಬೀಕರುಗಳನ್ನೆಲ್ಲ ತೊಳೆದು ಬೋರಲು ಹಾಕಿ, ಬೀಗದ ಕೈ ಹುಡುಕುತ್ತಿರುತ್ತಾರೆ.