ಡೆಸಿಬಲ್ ರಾಯರು

ಹೊಸ ಬೈಕ್ ಕೊಂಡವರು ಸ್ಟಾರ್ಟ್ ಮಾಡಿ ‘ಸೌಂಡ್ ಹೆಂಗಿದೆ?’ ಅಂತ ಕೇಳುತ್ತಾರೆ. ನಮ್ಮ ರಾಯರು ಕಂಪ್ಯೂಟರ್ ಆನ್ ಮಾಡಿ ‘ಏನಾದ್ರೂ ಕೇಳಿಸ್ತಾ?’ ಅನ್ನುತ್ತಾರೆ. ಇಲ್ಲ ಎಂದರೆ ಒಂದು ಗಂಟೆ ಭಾಷಣ. ಹೌದು ಎಂದರೆ ಎರಡು ಗಂಟೆ, ಕಾಫಿ ಸಮೇತ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಈ ಪೈಕಿಯವರು ಬ್ಲಾಕಿಗೊಬ್ಬರಂತೆ ಸಿಗುತ್ತಾರೆ. ವಯಸ್ಸು ನಲವತ್ತೈದರ ಆಚೀಚೆ, ಸಾಫ್ಟ್‌ವೇರ್ ಕೆಲಸ, ಮನೆಸಾಲ ತೀರುವ ಹಂತ. ಈ ವಯಸ್ಸಿಗೆ ಕೆಲವರು ಮ್ಯಾರಥಾನ್ ಓಡುತ್ತಾರೆ, ಕೆಲವರು ಟೆರೇಸಿನಲ್ಲಿ ಟೊಮೆಟೊ ಬೆಳೆಯುತ್ತಾರೆ. ರಾಯರಿಗೆ ಹಿಡಿದದ್ದು ಸದ್ದು ಮಾಡದ ಕಂಪ್ಯೂಟರು. ಹಾಗಂತ ಪುಟ್ಟ ಯಂತ್ರವಲ್ಲ. ಮುನ್ನೂರು ವ್ಯಾಟ್ ಎಳೆಯುವ ಗ್ರಾಫಿಕ್ಸ್ ಕಾರ್ಡು ಒಳಗಿರಬೇಕು, ಅದರ ಬಿಸಿಯೆಲ್ಲ ಆಚೆ ಹೋಗಬೇಕು, ಹೋದದ್ದು ಮಾತ್ರ ಯಾರ ಕಿವಿಗೂ ಬೀಳಬಾರದು. ಇಷ್ಟು ದೊಡ್ಡ ಕಾರ್ಡು ಇಟ್ಟುಕೊಂಡು ಅವರು ಆಡುವುದು ಸುಡೊಕು. ವರ್ಷಕ್ಕೊಮ್ಮೆ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್. ಅಷ್ಟಕ್ಕೆ ಯಂತ್ರ ಬೆಚ್ಚಗೂ ಆಗುವುದಿಲ್ಲ. ಆದ್ದರಿಂದ ಅದನ್ನು ಕಾಯಿಸಲಿಕ್ಕೆಂದೇ ಸ್ಟ್ರೆಸ್ ಟೆಸ್ಟ್ ಹಚ್ಚಿ, ಕಾದದ್ದು ಎಷ್ಟು ಚೆನ್ನಾಗಿ ಆರುತ್ತದೆಂದು ನೋಡಿ ಸಂತೋಷಪಡುತ್ತಾರೆ.

ಶನಿವಾರ ಬಂತೆಂದರೆ ಎಸ್.ಪಿ. ರೋಡು. ಅಂಗಡಿ ಹುಡುಗ ಬಣ್ಣಬಣ್ಣದ ಲೈಟು ಮಿನುಗುವ ಫ್ಯಾನ್ ತೋರಿಸಿ, ‘ಆರ್‌ಜಿಬಿ ಹಾಕ್ಕೊಳಿ ಸಾರ್, ಇವಾಗೆಲ್ಲ ಇದೇ ಓಡೋದು’ ಎನ್ನುತ್ತಾನೆ. ರಾಯರು ಮುಖ ತಿರುಗಿಸುತ್ತಾರೆ. ಅವರ ನಿಷ್ಠೆ ಆಸ್ಟ್ರಿಯಾದ ನಾಕ್ಟುವಾ ಕಂಪನಿಗೆ. ಕಂದು ಮತ್ತು ಬಾದಾಮಿ ಬಣ್ಣದ ಫ್ಯಾನಿಗೆ. ‘ಈ ಬಣ್ಣ ನೋಡಿದ್ರೆ ಸೆಕೆಂಡ್‌ಹ್ಯಾಂಡ್ ಅನ್ಸುತ್ತಲ್ರೀ’ ಎಂದಿದ್ದರು ಅವರ ಹೆಂಡತಿ. ಒಂದು ಫ್ಯಾನಿಗೆ ಕೊಟ್ಟ ದುಡ್ಡಿನಲ್ಲಿ ಹಾಲಿಗೊಂದು ಸೀಲಿಂಗ್ ಫ್ಯಾನ್ ಬರುತ್ತಿತ್ತೆಂಬುದು ಅವರಿಗೆ ಇನ್ನೂ ಗೊತ್ತಿಲ್ಲ. ದಯವಿಟ್ಟು ಯಾರೂ ಹೇಳಬೇಡಿ.

ರಾಯರ ವಿದ್ಯೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಫ್ಯಾನಿನ ವೇಗ ಅರ್ಧಕ್ಕಿಳಿಸಿದರೆ ಗಾಳಿಯೂ ಹೆಚ್ಚುಕಮ್ಮಿ ಅರ್ಧವಾಗುತ್ತದೆ, ಆದರೆ ಸದ್ದು ಸುಮಾರು 15 ಡೆಸಿಬಲ್ ಬಿದ್ದುಹೋಗುತ್ತದೆ. ಅದೇ ಒಂದರ ಪಕ್ಕ ಅಂಥದ್ದೇ ಇನ್ನೊಂದನ್ನು ಕೂರಿಸಿದರೆ ಸದ್ದು ಏರುವುದು ಬರೀ 3 ಡೆಸಿಬಲ್. ಹಾಗಾಗಿ ಓಡುವ ಒಂದು ಫ್ಯಾನಿಗಿಂತ ತೂಕಡಿಸುವ ನಾಲ್ಕು ಫ್ಯಾನ್ ವಾಸಿ, ಅದರಲ್ಲೂ 120 ಮಿಲಿಮೀಟರಿನದಕ್ಕಿಂತ 140ರದ್ದು ವಾಸಿ. ಲೆಕ್ಕ ಸರಿಯೇ. ರಾಯರು ಅದನ್ನು ಎಲ್ಲೆಂದರಲ್ಲಿ ಬಳಸುತ್ತಾರೆ, ಅದೇ ತಾಪತ್ರಯ. ಬೇಸಿಗೆ ರಜೆಗೆ ನಾದಿನಿ ಬಂದಾಗ ಹೆಂಡತಿಗೆ ಹೇಳಿದರಂತೆ: ‘ನೀವಿಬ್ರೂ ಒಟ್ಟಿಗೆ ಮಾತಾಡಿದ್ರೂ ಲೆಕ್ಕದ ಪ್ರಕಾರ ಮೂರೇ ಡೆಸಿಬಲ್ ಜಾಸ್ತಿ.’ ಆಕೆ ತಣ್ಣಗೆ, ‘ಹಾಗಾದ್ರೆ ಇನ್ನೊಂದು ವಾರ ಇದ್ದು ಹೋಗ್ಲಿ ಬಿಡಿ’ ಎಂದರಂತೆ.

ಶಬ್ದಮಾಲಿನ್ಯದ 2000ದ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ರಾತ್ರಿ 45 ಡೆಸಿಬಲ್‌ವರೆಗೆ ಸದ್ದಿರಬಹುದು. ರಾಯರ ಗುರಿ ಇಪ್ಪತ್ತು. ‘ಸರ್ಕಾರದ ಮಾತು ಬಿಡಿ ಸ್ವಾಮಿ, ಅದಕ್ಕೆ ಕಿವಿ ಎಲ್ಲಿದೆ’ ಎನ್ನುತ್ತಾರೆ.

ಅಂಗಡಿಯ ಡಬ್ಬಗಳೆಲ್ಲ ತಗಡು, ತಗಡೆಂದರೆ ಅದುರುತ್ತದೆ ಎಂದು ಪೆಟ್ಟಿಗೆಯನ್ನು ತಾವೇ ಡಿಸೈನ್ ಮಾಡಿದರು. ಹದಿನೆಂಟು ಮಿಲಿಮೀಟರಿನ ಪ್ಲೈವುಡ್, ಒಳಗೆ ದಪ್ಪ ಡಾಂಬರು ಶೀಟು, ಫ್ಯಾನಿಗೆ ಸ್ಕ್ರೂ ಬದಲು ರಬ್ಬರ್ ಗೂಟ. ಡ್ರಾಯಿಂಗ್ ನೋಡಿದ ಆಚಾರಿ ಚಪ್ಪಲಿ ಬಿಟ್ಟು ಒಳಗೆ ಬಂದ.

‘ದೇವರ ಮಂಟಪ ಅಲ್ವಾ ಸಾರ್? ಹಿಂದ್ಗಡೆ ಯಾಕೆ ಇಷ್ಟ್ ದೊಡ್ಡ ತೂತು?’

‘ಬಿಸಿಗಾಳಿ ಹೋಗೋಕೆ.’

‘ದೀಪದ್ದಾ? ಹಾಗಾದ್ರೆ ಮೇಲ್ಗಡೆ ಕೊಡಿ ಸಾರ್. ಬಿಸಿ ಮೇಲಕ್ಕಲ್ವಾ ಹೋಗೋದು?’

ಬಿಸಿಗಾಳಿ ತಾನಾಗಿ ಮೇಲೇರುವ ಬಲ ಎಷ್ಟು ಅಲ್ಪ, ಸಣ್ಣ ಫ್ಯಾನ್ ಕೂಡ ಅದನ್ನು ಹೇಗೆ ಬೇಕಾದ ಕಡೆ ತಳ್ಳುತ್ತದೆ, ಹೊರಹಾಕುವ ಗಾಳಿಗಿಂತ ಒಳಗೆ ತಳ್ಳುವ ಗಾಳಿ ಹೆಚ್ಚಿದ್ದರೆ ಸಂದಿಗಳಿಂದ ಧೂಳು ಯಾಕೆ ನುಗ್ಗುವುದಿಲ್ಲ ಎಂದು ರಾಯರು ವಿವರಿಸಿದರು. ಆಚಾರಿ ಪೂರ್ತಿ ಕೇಳಿಸಿಕೊಂಡು, ‘ಬಾಗ್ಲಿಗೆ ಗಂಟೆ ಬೇಕಾ?’ ಎಂದ. ಆಮೇಲೆ ವಾರಗಟ್ಟಲೆ ಬಾಲ್ಕನಿಯಲ್ಲಿ ಗರಗಸ, ಡ್ರಿಲ್ಲು, ಮರಳುಕಾಗದ. ನಿಶ್ಶಬ್ದಕ್ಕಾಗಿ ಎದ್ದ ಈ ಗದ್ದಲದ ಮೇಲೆ ಅಸೋಸಿಯೇಷನ್ನಿಗೆ ದೂರು ಹೋಯಿತು. ಕೊಟ್ಟವರ ಹೆಸರು ನನಗೆ ಗೊತ್ತು, ಬರೆಯುವುದಿಲ್ಲ.

ಪೆಟ್ಟಿಗೆ ಬಂದ ಮೇಲೆ ಶುರುವಾಯಿತು ನಿಜವಾದ ಪೀಕಲಾಟ. ಫ್ಯಾನಿನ ಸದ್ದು ಅಡಗಿದ್ದೇ ತಡ, ಅದರ ಕೆಳಗೆ ಮುಚ್ಚಿಹೋಗಿದ್ದವೆಲ್ಲ ಒಂದೊಂದಾಗಿ ಮೇಲೆ ಬಂದವು. ಮೊದಲು ಹಳೇ ಹಾರ್ಡ್ ಡಿಸ್ಕು. ನಿಮಿಷಕ್ಕೆ 7200 ಸುತ್ತು. ಅದನ್ನು ಎಲಾಸ್ಟಿಕ್ಕಿನಲ್ಲಿ ಜೋಲಿ ಕಟ್ಟಿ ತೂಗುಬಿಟ್ಟರು. ಅತ್ತ ಅವರ ಅಮ್ಮ ಹೊಲಿಗೆ ಡಬ್ಬ ತಡಕಾಡುತ್ತ ‘ಲಂಗದ ಎಲಾಸ್ಟಿಕ್ ಯಾರು ತಗೊಂಡ್ರೋ’ ಎಂದು ಕೂಗುತ್ತಿದ್ದರು. ಡಿಸ್ಕ್ ಸುಮ್ಮನಾದ ಮೇಲೆ ಫ್ರಿಜ್ಜು ಕೇಳಿಸಿತು. ಫ್ರಿಜ್ಜಿಗೂ ಕೋಣೆಗೂ ನಡುವೆ ಬಾಗಿಲು ಹಾಕಿದರೆ ಸೊಳ್ಳೆ. ನಡುರಾತ್ರಿ ಬನಿಯನ್ನಿನಲ್ಲಿ, ಕೈಯಲ್ಲಿ ಸೊಳ್ಳೆ ಬ್ಯಾಟು ಹಿಡಿದು, ಕುರ್ಚಿಯ ಮೇಲೆ ನಿಂತು ಮೂಲೆ ಮೂಲೆ ಬೀಸಿದರು. ಒಂದೂ ಚಟ್ ಎನ್ನಲಿಲ್ಲ. ಕೊನೆಗೆ ಪ್ಲೈವುಡ್ಡಿಗೆ ಕಿವಿಯಿಟ್ಟಾಗ ಸೊಳ್ಳೆ ಒಳಗಿತ್ತು! ಗ್ರಾಫಿಕ್ಸ್ ಕಾರ್ಡಿನಲ್ಲಿರುವ ಸುರುಳಿಗಳು ಕರೆಂಟಿನ ಏರಿಳಿತಕ್ಕೆ ಸಣ್ಣಗೆ ನಡುಗಿ ಹಾಡುತ್ತವೆ. ಕಾಯಿಲ್ ವೈನ್ ಎನ್ನುತ್ತಾರೆ. ಇದಕ್ಕೆ ಫ್ಯಾನ್ ಬದಲಿಸಿ ಪ್ರಯೋಜನವಿಲ್ಲ. ಕಾರ್ಡಿಗೆ ಕೊಡುವ ವೋಲ್ಟೇಜ್ ತಗ್ಗಿಸಿ, ಪರದೆಯ ಫ್ರೇಮ್ ರೇಟಿಗೆ ಮಿತಿ ಹಾಕಿ, ಅಂತೂ ಅದರ ಗಂಟಲೂ ಕಟ್ಟಿಸಿದರು.

ಈಗ ಎಲ್ಲ ಸರಿಯಾಯಿತೇ? ಹೊರಗಿನ ಟ್ರಾಫಿಕ್ ಕೇಳಬಾರದೆಂದು ಕಿಟಕಿ ಭದ್ರವಾಗಿ ಮುಚ್ಚಿದ್ದರಲ್ಲ, ಸ್ಟ್ರೆಸ್ ಟೆಸ್ಟ್ ನಡೆದಷ್ಟು ಹೊತ್ತೂ ಬಿಸಿ ಕೋಣೆಯಲ್ಲೇ ಕೂತಿತು. ಸುಮ್ಮನೆ ಕುಳಿತ ಒಬ್ಬ ಮನುಷ್ಯ ಸುಮಾರು ನೂರು ವ್ಯಾಟ್ ಬಿಸಿ ಹೊರಹಾಕುತ್ತಾನೆ. ಮುನ್ನೂರು ವ್ಯಾಟಿನ ಕಾರ್ಡೆಂದರೆ ಏಪ್ರಿಲ್ ತಿಂಗಳಲ್ಲಿ ಮೂವರು ನೆಂಟರನ್ನು ಒಳಗೆ ಕೂಡಿಹಾಕಿದ ಹಾಗೆ. ಕೋಣೆ ಕಾದರೆ ಯಂತ್ರವೂ ಕಾಯುತ್ತದೆ. ಎಂಥ ಫ್ಯಾನಾದರೂ ಸುತ್ತಲಿನ ಗಾಳಿಗಿಂತ ತಣ್ಣಗೆ ಮಾಡಲಾರದು. ಇದನ್ನು ರಾಯರೇ ನಮಗೆಲ್ಲ ಹೇಳಿಕೊಟ್ಟಿದ್ದರು.

ಹೋದ ವಾರ ಕೋಣೆಗೆ ಎಸಿ ಬಂತು. ಗೋಡೆಯ ಮೇಲಿಂದ ಅದು ಇಡೀ ದಿನ ಭುಸ್ ಎನ್ನುತ್ತಿದೆ. ರಾಯರು ಎರಡು ರಾತ್ರಿ ತಡೆದುಕೊಂಡರು. ನಿನ್ನೆ ನಾನು ಪೇಪರ್ ವಾಪಸ್ ಕೊಡಲು ಹೋದಾಗ ಫೋನಿನಲ್ಲಿದ್ದರು.

‘ಆಚಾರ್ರೇ, ಟೇಪು ತಗೊಂಡು ಬನ್ನಿ. ಹ್ಞೂಂ, ಈ ಸಲ ಮಂಟಪ ಸ್ವಲ್ಪ ದೊಡ್ಡದು. ಗೋಡೆಗೆ ನೇತುಹಾಕೋದು.’