ಸಿಂಗಲ್ ಓನರ್ ವಿಂಡೋಸ್

(ಬೆಂಗಳೂರಿನ ಎಸ್.ಪಿ. ರಸ್ತೆ. ಕೀಬೋರ್ಡುಗಳನ್ನು ಸೌದೆಯಂತೆ ಒಟ್ಟಿದ ಅಂಗಡಿ. ಗಿರಾಕಿ ನಿವೃತ್ತ ಮೇಷ್ಟ್ರು.)

ಮೇಷ್ಟ್ರು: ಹಳೇ ಕಂಪ್ಯೂಟರಿಗೆ ವಿಂಡೋಸ್ 7 ಬೇಕಿತ್ತಪ್ಪ.

ಅಂಗಡಿಯವ: ಒರಿಜಿನಲ್ಲೇ ಇದೆ ಸಾರ್. ಸೆಕೆಂಡ್ ಹ್ಯಾಂಡ್.

ಮೇಷ್ಟ್ರು: ಸಾಫ್ಟ್‌ವೇರಲ್ಲಿ ಸವೆಯೋದೇನಿದೆಯೋ?

ಅಂಗಡಿಯವ: ಏನೂ ಸವೆಯಲ್ಲ, ಅದಕ್ಕೇ ರೇಟು ಇಳಿಯಲ್ಲ. ಸಿಂಗಲ್ ಓನರ್. ಆಫೀಸಲ್ಲಿತ್ತು, ಹತ್ತೂವರೆಗೆ ಮುಂಚೆ ಆನ್ ಆಗಿದ್ದೇ ಇಲ್ಲ.

ಮೇಷ್ಟ್ರು: ಡಿಸ್ಕ್ ಎಲ್ಲಿ?

ಅಂಗಡಿಯವ: ಡಿಸ್ಕ್ ಯಾಕೆ, ಲೈಸೆನ್ಸ್ ಸ್ಟಿಕ್ಕರ್ ಇದೆ! (ಹೇರ್ ಡ್ರೈಯರಿನಿಂದ ಕಾಯಿಸಿ, ಗುಜರಿ ಸಿಪಿಯು ಮೈಯಿಂದ ಸ್ಟಿಕ್ಕರ್ ಬಿಡಿಸುತ್ತಾನೆ. ಕೈಚಳಕ ಮೆಚ್ಚಲೇಬೇಕು.)

ಮೇಷ್ಟ್ರು: ಅಲ್ಲಯ್ಯ, ಕಂಪ್ಯೂಟರ್ ಜೊತೆ ಬಂದ ಓಇಎಂ ಲೈಸೆನ್ಸು ಆ ಕಂಪ್ಯೂಟರಿಗೆ ಮಾತ್ರ. ಅದು ಗುಜರಿಗೆ ಹೋದರೆ ಇದೂ ಹೋಯ್ತು. ಕರಾರಲ್ಲೇ ಇದೆ.

ಅಂಗಡಿಯವ: ಕರಾರು ಓದಿದ್ದೀರಾ! ಎಲ್ಲರೂ ‘ಒಪ್ಪಿದ್ದೇನೆ’ ಒತ್ತೋರೇ. ಕೂತ್ಕೊಳ್ಳಿ, ಟೀ ತರಿಸ್ತೀನಿ.

ಮೇಷ್ಟ್ರು: ಅಪ್‌ಡೇಟ್ ಬರುತ್ತಾ?

ಅಂಗಡಿಯವ: 2020ರ ಜನವರಿ 14ಕ್ಕೇ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸ್ತು. ಇನ್ನು ಯಾವ ಕಾಟವೂ ಇಲ್ಲ.

ಮೇಷ್ಟ್ರು: ವೈರಸ್ ಕಾಟ?

ಅಂಗಡಿಯವ: ಆಂಟಿವೈರಸ್ ಕೊಡ್ತೀನಿ. ಅದೂ ಸೆಕೆಂಡ್ ಹ್ಯಾಂಡೇ.

ಮೇಷ್ಟ್ರು: ವಿಂಡೋಸ್ 11 ಹಾಕಿದರೆ?

ಅಂಗಡಿಯವ: ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಚಿಪ್ ಬೇಕು, 4 ಜಿಬಿ ರ‍್ಯಾಮ್ ಬೇಕು. ನಿಮ್ಮದೆಷ್ಟು?

ಮೇಷ್ಟ್ರು: ಎರಡು.

ಅಂಗಡಿಯವ: ಪಾಪ.

ಮೇಷ್ಟ್ರು: ಲಿನಕ್ಸ್ ಪುಕ್ಕಟೆಯಂತಲ್ಲ?

ಅಂಗಡಿಯವ: (ದನಿ ತಗ್ಗಿಸಿ) ಹೌದು. ನಮ್ಮ ಬಿಲ್ಲಿಂಗ್ ಓಡ್ತಿರೋದೂ ಅದರಲ್ಲೇ. ಪುಕ್ಕಟೆ ಹಾಕಿಕೊಡೋಕೆ 500 ರೂಪಾಯಿ.

ಓದುಗರೇ, ಡೌನ್‌ಲೋಡ್ ಮಾಡಿ ಪೆನ್‌ಡ್ರೈವಿನಿಂದ ನೀವೇ ಹಾಕಿಕೊಳ್ಳಿ. ಆ 500 ಕೂಡ ಉಳಿಯುತ್ತದೆ.