15 ನಿಮಿಷದ ಆಳು

ಬಿ.ಜಿ. ಕೆರೆಯ ಹೆದ್ದಾರಿ ಪಕ್ಕದ ಟೀ ಅಂಗಡಿ. ತೊಡೆ ಮೇಲೆ ಲ್ಯಾಪ್‌ಟಾಪ್ ಇಟ್ಟ ಅಳಿಯ. ಶೇಂಗಾ ಸುಲಿಯುತ್ತಿರುವ ಮಾವ.

“ಸರ್ವರ್‌ಲೆಸ್ ಅಂದ್ರೆ ಸರ್ವರ್ರೇ ಇಲ್ವೇನೋ?”

“ಇರುತ್ತೆ ಮಾವ, ನಮ್ಮದಲ್ಲ ಅಷ್ಟೆ. 2014ರಲ್ಲಿ ಅಮೆಜಾನ್‌ನೋರು ತಂದ ಲ್ಯಾಂಬ್ಡಾ ಫಂಕ್ಷನ್ನು ಕರೆದಾಗ ಬರುತ್ತೆ, ಓಡಿದಷ್ಟಕ್ಕೇ ಕೂಲಿ. 15 ನಿಮಿಷ ದಾಟಿದ್ರೆ ಅರ್ಧಕ್ಕೇ ಬಿಡಿಸ್ತಾರೆ.”

“ನಮ್ಮ ಶೇಂಗಾ ಕೀಳೋರಿಗೆ ಎಲೆಅಡಿಕೆಗೇ ಅಷ್ಟು ಹೊತ್ತು ಬೇಕು.” (ಮಾವನದು ಉತ್ಪ್ರೇಕ್ಷೆಯಲ್ಲ.) “ಇನ್ನೊಂದು ದಾರಿ ಇದೆ ಅಂದಿದ್ಯಲ್ಲ, ಅದೇನು?”

“ಕಂಟೇನರ್. ಅಮೆಜಾನ್‌ನೋರದೇ ಫಾರ್ಗೇಟ್‌ನಲ್ಲಿ ಗಂಟೆಗಟ್ಟಲೆ ದುಡಿಯುತ್ತೆ. ಸುಮ್ನೆ ಕೂತ್ರೂ ಬಿಲ್ ಏರುತ್ತೆ. ಕಂಟೇನರ್ರೇ ಓಡಿಸೋ ಗೂಗಲ್‌ನ ಕ್ಲೌಡ್ ರನ್ ಮಾತ್ರ ಕೆಲಸ ಇಲ್ದಾಗ ಸೊನ್ನೆಗಿಳಿಯುತ್ತೆ. ಆಮೇಲೆ ಬರೋ ಮೊದಲ ಗಿರಾಕಿ, ಅದು ಎದ್ದು ಕಣ್ಣುಜ್ಜಿಕೊಳ್ಳೋ ತನಕ ಕಾಯಬೇಕು.”

“ನಿಮ್ಮ ಆಪ್‌ಗೆ ಎಷ್ಟು ಗಿರಾಕಿ?”

“ಸದ್ಯಕ್ಕೆ... ನಮ್ಮ ಮ್ಯಾನೇಜರ್ರು.”

“ಎರಡರಲ್ಲಿ ಯಾವ್ದು ಅಂತ ಮೀಟಿಂಗು ಮುಗೀತಾ?”

“ಮೂರನೇ ತಿಂಗಳು ನಡೀತಿದೆ ಮಾವ. ಅದಕ್ಕೆ ಟೈಮ್‌ಔಟ್ ಇಲ್ಲ.”